ದೊರೆಸಾನಿ ಅಲ್ಲಿ, ದಫೇದಾರ ಇಲ್ಲಿ

ಮೈಸೂರು
19-2-1957, ಮಂಗಳವಾರ

ಚಿ|| ಸೌ|| ಚಾಮುಗೆ,

ಗಂಡನಾದವನು ಈ ಜಾಗದಲ್ಲಿ ಆಶೀರ್ವಾದ ಬರೆಯಬೇಕು. ಈ ಸಲ ನಾನು ಆಶೀರ್ವಾದ ಮಾಡುವ ಸ್ಥಿತಿಯಲ್ಲಿಲ್ಲ, ಕ್ಷಮೆ ಬೇಡುವ ಸ್ಥಿತಿಯಲ್ಲಿದ್ದೇನೆ. ಆದ್ದರಿಂದ ಜಾಗ ಖಾಲಿ ಬಿಟ್ಟಿದ್ದೇನೆ. ಕಾಗದ ಓದಿ ಮುಗಿಸಿದ ಮೇಲೆ ನಿನಗೆ ಸರಿ ತೋರಿದ್ದನ್ನು ನೀನೇ ತುಂಬಿಕೊ.

ಇಲ್ಲಿ ನಾನು ಕ್ಷೇಮ, ನಿನ್ನ ಬೆಕ್ಕು ಕ್ಷೇಮ, ನಾಯಿಯೂ ಕ್ಷೇಮ. ಯಾವ ನಾಯಿ ಎಂದು ಹುಬ್ಬು ಗಂಟಿಕ್ಕಬೇಡ. ಒಂದೊಂದಾಗಿ ಹೇಳುತ್ತೇನೆ.

ನಿನ್ನ ಕಾಗದ ನಿನ್ನೆ ಕೈಸೇರಿತು. ಬರುವ ಭಾನುವಾರ ನಿನ್ನ ತಮ್ಮ ಮಹದೇವು ಬನ್ನೂರಿನಿಂದ ಬಸ್ಸಿನಲ್ಲಿ ಬಂದು, ನನಗೆ ಒಂದು ತಂಬಿಗೆ ತುಪ್ಪ ಕೊಟ್ಟು, ನಿನ್ನ ಬೆಕ್ಕು ದೊರೆಸಾನಿ ಹೇಗಿದ್ದಾಳೆಂದು ಕಣ್ಣಾರೆ ನೋಡಿ, ಹಿಂದಿರುಗಿ ನಿನಗೆ ವರದಿ ಒಪ್ಪಿಸುತ್ತಾನೆ ಎಂದು ಬರೆದಿದ್ದೀಯೆ. ಬರಲಿ. ಆದರೆ ಅವನು ಲಷ್ಕರ್ ಮೊಹಲ್ಲಾದ ನಮ್ಮ ಮನೆಯ ಬಾಗಿಲು ತಟ್ಟಿದರೆ ಒಳಗಿನಿಂದ ಓಗೊಡುವವಳು ದೊರೆಸಾನಿ ಒಬ್ಬಳೇ. ನಾನು ಅಲ್ಲಿಲ್ಲ. ಹಾಲಿನ ಬಟ್ಟಲಿಗೆ ಮುಖವಿಟ್ಟು ಕಣ್ಣು ಮುಚ್ಚಿಕೊಳ್ಳುವ ವಿದ್ಯೆಯನ್ನು ಒಂದು ತಿಂಗಳಿನಿಂದ ಅವಳಿಗಿಂತ ಚೆನ್ನಾಗಿ ನಾನೇ ಅಭ್ಯಾಸ ಮಾಡಿದ್ದೇನೆ. ಇನ್ನು ಕಣ್ಣು ಬಿಡುತ್ತೇನೆ. ಚಾಮು, ನಾನು ಮನೆ ಬದಲಾಯಿಸಿದೆ. ಸಂಕ್ರಾಂತಿ ಕಳೆದ ಮೂರನೆಯ ದಿನ. ಸರಸ್ವತಿಪುರಕ್ಕೆ.

ಈಗ ಕಾಗದ ಕೆಳಗಿಟ್ಟು ಒಂದು ಲೋಟ ನೀರು ಕುಡಿ. ಅತ್ತೆಯವರಿಗೆ ಈಗಲೇ ಓದಿ ಹೇಳಬೇಡ.

ಹೆಂಡತಿ ಬಸುರಿಯಾಗಿರುವಾಗ ಗಂಡ ಮನೆ ಕಟ್ಟಬಾರದು, ಮನೆ ಬದಲಾಯಿಸಬಾರದು, ಕ್ಷೌರ ಮಾಡಿಸಬಾರದು ಎಂದು ಸೀಮಂತದ ದಿನ ಅತ್ತೆಯವರು ಹೇಳಿದಾಗ ನಾನು ಕೈಕಟ್ಟಿ ನಿಂತು ಕೇಳಿದವನೇ. ಕ್ಷೌರದ ಷರತ್ತನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ. ತರ್ಕಶಾಸ್ತ್ರದ ಮೇಷ್ಟ್ರು ವೇದಾಂತಕ್ಕೆ ವರ್ಗವಾಗಿದ್ದಾರೆಂದು ಹುಡುಗರು ನನ್ನ ಗಡ್ಡ ನೋಡಿ ಆಡಿಕೊಳ್ಳುತ್ತಾರೆ. ಎರಡನೆಯ ಷರತ್ತನ್ನು ಮಾತ್ರ ಮುರಿದೆ. ಅಲ್ಲಿದ್ದ ಗುಮಾಸ್ತರು ಹಾಸನಕ್ಕೆ ವರ್ಗವಾಗಿ ಹೊರಟಿದ್ದರು, ಆ ವಾರ ಹಿಡಿಯದಿದ್ದರೆ ಮನೆ ಬೇರೆಯವರ ಪಾಲು. ಹಿಡಿದುಬಿಟ್ಟೆ.

ಗಾಡಿ ಹೊಡೆದವನು ನಮ್ಮ ಚೆಲುವಯ್ಯನೇ, ನಮಗೆ ಸೌದೆ ತಂದು ಹಾಕುತ್ತಿದ್ದನಲ್ಲ, ಅವನು. ಬೆಕ್ಕನ್ನು ಕಂಕುಳಲ್ಲಿಟ್ಟುಕೊಂಡು ಹೊರಟವನನ್ನು ಅವನು ತಡೆದ. "ದಾರಿ ನೋಡ್ಕಂಡ್ರೆ ವಾಪಸ್ ಓಯ್ತದೆ ಸ್ವಾಮಿ. ಗೋಣಿಚೀಲಕ್ಕಾಕಿ ಮೂರು ಸುತ್ತು ಸುತ್ತಿಸ್ಬುಡಿ, ದಿಕ್ಕು ಮರ್ತೋಯ್ತದೆ" ಎಂದ. ನಾನೂ ಸುತ್ತಿಸಿದೆ. ಕಾರ್ಯಕಾರಣ ಸಂಬಂಧವನ್ನು ವಾರಕ್ಕೆ ಹನ್ನೆರಡು ಗಂಟೆ ಬೋಧಿಸುವವನು ನಡುಬೀದಿಯಲ್ಲಿ ಚೀಲ ಹಿಡಿದು ಗಿರಗಿರನೆ ಸುತ್ತಿದೆ. ದಿಕ್ಕು ತಪ್ಪಿದ್ದು ನನಗೆ. ದೀಪದ ಕಂಬ ಹಿಡಿದು ನಿಂತುಕೊಳ್ಳಬೇಕಾಯಿತು. ಸರಸ್ವತಿಪುರದ ಜಗಲಿಯಲ್ಲಿ ಚೀಲದ ಬಾಯಿ ಬಿಚ್ಚಿದಾಗ ದೊರೆಸಾನಿ ಹೊರಬಂದು, ಮುಂಗಾಲೊಂದನ್ನು ನೆಕ್ಕಿ ಒಪ್ಪ ಮಾಡಿಕೊಂಡು, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಗಾಂಭೀರ್ಯದಿಂದ ಬೀದಿಗಿಳಿದಳು. ಸಂಜೆಯ ಹೊತ್ತಿಗೆ ಲಷ್ಕರ್ ಮೊಹಲ್ಲಾದಲ್ಲಿದ್ದಳು.

ಗಾಡಿಯ ಕೆಳಗೆ, ಎರಡು ಚಕ್ರಗಳ ನಡುವಿನ ನೆರಳಿನಲ್ಲಿ, ಯಾರೂ ಕರೆಯದೆ ನಡೆದು ಬಂದವನು ದಫೇದಾರ. ಹೌದು, ಹಳೆಯ ಮನೆಯ ಪಕ್ಕದಲ್ಲೇ ಇರುವ ಮನೆಯೊಡತಿ ಇನ್ನಾಸಮ್ಮನವರ ನಾಯಿ. ಎದೆಗೆ ಅಡ್ಡವಾಗಿ ಬಿಳಿಪಟ್ಟೆ ಇರುವ, ಕಲೆಕ್ಟರ ಕಛೇರಿಯ ದಫೇದಾರನ ಗತ್ತಿನಲ್ಲಿ ನಡೆಯುವ, ಹೋದ ಬೇಸಗೆಯಲ್ಲಿ ನೀನು ಒಣಹಾಕಿದ್ದ ಸಂಡಿಗೆಯನ್ನು ಒಂದು ಸೀರೆಯಷ್ಟು ಉದ್ದಕ್ಕೂ ತಿಂದು ತೇಗಿದ ಅದೇ ನಾಯಿ. ಮೂರು ಸಲ ಇನ್ನಾಸಮ್ಮ ಬಂದು ಕರೆದುಕೊಂಡು ಹೋದರು. ಮೂರು ಸಲವೂ ಹಗ್ಗ ಅವರ ಮನೆಯಲ್ಲಿ ಉಳಿಯಿತು, ನಾಯಿ ನನ್ನ ಮನೆಗೆ ಬಂತು.

ಅಂತೂ ಈಗ ನಿನ್ನ ಬೆಕ್ಕು ಅವರ ಮನೆಯಲ್ಲಿ, ಅವರ ನಾಯಿ ನಮ್ಮ ಮನೆಯಲ್ಲಿ. "ಇನ್ನೇನ್ ಮಾಡದು ಮೇಷ್ಟ್ರೇ, ಕೊಟ್ಟು ತಂದು ಬೀಗರಾಗ್ಬುಟ್ವಿ ಕಣ್ರೀ" ಎಂದು ಇನ್ನಾಸಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕರು.

ನಾಯಿ ಹೆಚ್ಚೋ ಬೆಕ್ಕು ಹೆಚ್ಚೋ ಎಂದು ಮದುವೆಯಾದಂದಿನಿಂದ ನಾವಿಬ್ಬರೂ ವಾದ ಮಾಡಿದ್ದೇವಲ್ಲ, ಈ ತಿಂಗಳು ಎರಡು ಪಕ್ಷಗಳ ಸಾಕ್ಷ್ಯವನ್ನೂ ಸಾವಧಾನವಾಗಿ ಪರಿಶೀಲಿಸಿದೆ. ನಾಯಿಯನ್ನು ಕರೆದರೆ ಬರುತ್ತದೆ. ಬೆಕ್ಕನ್ನು ಕರೆದರೆ ಅರ್ಜಿ ಸ್ವೀಕರಿಸುತ್ತದೆ. ಪರಿಶೀಲನೆ ಆಮೇಲೆ, ಪುರಸತ್ತಾದಾಗ. ತಪ್ಪು ಮಾಡಿದ ನಾಯಿ ಮುಖ ಸಣ್ಣದು ಮಾಡಿ ಮೂಲೆ ಸೇರುತ್ತದೆ. ತಪ್ಪು ಮಾಡಿದ ಬೆಕ್ಕು ನಿನ್ನ ಮುಖವನ್ನೇ ದಿಟ್ಟಿಸಿ, ನೀನೇನೋ ತಪ್ಪು ಮಾಡಿದ್ದೀಯೆ ಅನ್ನಿಸುವಂತೆ ಮಾಡುತ್ತದೆ. ದೊರೆಸಾನಿ ಬೆಳಿಗ್ಗೆ ಆರಿದ ಒಲೆಯೊಳಗಿಂದ ಬೂದಿ ಬಳಿದುಕೊಂಡು ಪರಮ ಶಿವಭಕ್ತೆಯಂತೆ ಎದ್ದು ಬಂದು, ಹತ್ತು ನಿಮಿಷದಲ್ಲಿ ಇನ್ನಾಸಮ್ಮನವರ ಶುಕ್ರವಾರದ ಮೀನಿನ ಹತ್ತಿರ ಇರುತ್ತಿದ್ದುದನ್ನು ನೀನೂ ಬಲ್ಲೆ. ಎರಡು ಮತಗಳ ಪಂಚಾಂಗವನ್ನೂ ಅರಿತ ಬೆಕ್ಕು ಅದು. ನಾನು ತಿದ್ದುವ ನಲವತ್ತು ಉತ್ತರಪತ್ರಿಕೆಗಳಲ್ಲಿ ಆ ಕ್ಷಣ ನನಗೆ ಬೇಕಾದ ಒಂದರ ಮೇಲೇ ಕೂರುತ್ತಿದ್ದಳು.

ಇನ್ನು ದಫೇದಾರ. ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ ಎಂಬ ಗಾದೆ ಯಾರನ್ನು ನೋಡಿ ಹುಟ್ಟಿತೋ ಅವನ ವಂಶಸ್ಥ. ನನ್ನ ಚಪ್ಪಲಿಗಳಲ್ಲಿ ಎಡಗಾಲಿನದನ್ನು ಮಾತ್ರ ಹೊತ್ತೊಯ್ಯುತ್ತಾನೆ. ಬಲಗಾಲಿನದರ ಮೇಲೆ ಅವನಿಗೆ ಯಾವ ದ್ವೇಷವೂ ಇಲ್ಲ. ಅಂಚೆಯವನನ್ನು ಕಂಡರೆ ಬೊಗಳುತ್ತಾನೆ, ಅಪರಿಚಿತರನ್ನು ಕಂಡರೆ ಬಾಲ ಆಡಿಸುತ್ತಾನೆ. ಕಾಲೇಜಿನವರೆಗೂ ನನ್ನ ಹಿಂದೆ ಬಂದು, ಪಾಠ ಮುಗಿಯುವತನಕ ಬಾಗಿಲಲ್ಲಿ ಮಲಗಿರುತ್ತಾನೆ. ನನ್ನ ಪಾಠವನ್ನು ಕೊನೆಯವರೆಗೂ ಕೇಳುವ ವಿದ್ಯಾರ್ಥಿ ಅವನೊಬ್ಬನೇ, ಹಾಜರಿಯ ಹಂಗಿಲ್ಲದೆ. ವಿಶ್ವಾಸ ಎಂಬ ಮಾತಿನ ಹೊಟ್ಟೆಯಲ್ಲೇ ಅರ್ಧ ಶ್ವಾನ ಅಡಗಿದೆ ನೋಡು. ನೀನು ನಗುವುದಿಲ್ಲ, ಗೊತ್ತು. ನನ್ನ ಶ್ಲೇಷೆಗಳಿಗೆ ನೀನು ಬನ್ನೂರಿಗೆ ಹೋದ ಮೇಲೆ ಬೈಯುವವರೂ ಇಲ್ಲ.

ದಿನವೂ ಸಂಜೆ ನಾನೂ ದಫೇದಾರನೂ ಹಳೆಯ ಮನೆಗೆ ಹೋಗುತ್ತೇವೆ. ನೀನು ಹಳೆಯ ವಿಳಾಸಕ್ಕೆ ಬರೆದ ಕಾಗದಗಳನ್ನು ಇನ್ನಾಸಮ್ಮ ತಮ್ಮ ಮಾತೆ ಮರಿಯಮ್ಮನವರ ಪಟದ ಹಿಂದೆ ಸಿಕ್ಕಿಸಿ ಇಟ್ಟಿರುತ್ತಾರೆ. ಅಲ್ಲೇ ನನಗೆ ಇನ್ನೊಂದು ಪಾಠವಾಯಿತು. ಬೆಕ್ಕು ಓಡಿಹೋದ ಮರುದಿನ ಅವರು ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ ವಿಚಾರಣೆ ಮಾಡಿದರು. "ಬಸುರಿ ಬೆಕ್ಕನ್ನ ಚೀಲಕ್ಕಾಕಿ ಸುತ್ತಿಸಿದ್ರಾ ಮೇಷ್ಟ್ರೇ? ಕಾಲೇಜ್ನಾಗೆ ಇದೇನಾ ಏಳ್ಕೊಡದು?" ಅಂದರು. ಚಾಮು, ದೇವರಾಣೆ, ನನಗೆ ಗೊತ್ತಿರಲಿಲ್ಲ. ನಿನ್ನ ಅಗಲಿಕೆಯಲ್ಲಿ ನಾನು ಸೊರಗಿದರೆ ಅವಳು ಕೊಬ್ಬಿದ್ದಾಳೆ ಎಂದುಕೊಂಡಿದ್ದೆ. ಬಸುರಿ ಇರುವಾಗ ಮನೆ ಬದಲಾಯಿಸಬಾರದೆಂಬ ಶಾಸ್ತ್ರವನ್ನು ನಮ್ಮ ಸಂಸಾರದಲ್ಲಿ ನಿಷ್ಠೆಯಿಂದ ಪಾಲಿಸಿದ್ದು ನಿನ್ನ ಬೆಕ್ಕೊಂದೇ.

ಹನ್ನೆರಡು ದಿನದ ಹಿಂದೆ ಹಳೆಯ ಮನೆಯ ಹಿಂಬದಿಯ ಕೋಣೆಯಲ್ಲಿ, ನೀನು ಬಿಟ್ಟುಹೋದ ಹಳೆಯ ಹಸಿರು ಸೀರೆಯ ಮೇಲೆ, ಮೂರು ಮರಿ ಹಾಕಿದಳು. ಎರಡು ಅವಳ ಬಣ್ಣ, ಒಂದು ಯಾರ ಬಣ್ಣವೋ. ಕದ್ದ ಮೀನಿಗಾಗಿ ಅವಳನ್ನು ಪೊರಕೆ ಹಿಡಿದು ಬೀದಿಯುದ್ದಕ್ಕೂ ಅಟ್ಟುತ್ತಿದ್ದ ಇನ್ನಾಸಮ್ಮನವರೇ ಈಗ ಬಾಣಂತನ ಮಾಡುತ್ತಿದ್ದಾರೆ. ಶುಕ್ರವಾರದ ಮೀನಿನ ತಲೆ ಈಗ ಕಳ್ಳಮಾಲಲ್ಲ, ಬಾಣಂತಿಯ ಪಥ್ಯ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅನ್ನುತ್ತಾರಲ್ಲ, ಸೀರೆಯಿಂದ ಸೌದೆಯ ಸಂದಿಗೆ, ಸೌದೆಯಿಂದ ಅಟ್ಟಕ್ಕೆ, ಅಟ್ಟದಿಂದ ಇನ್ನಾಸಮ್ಮನವರ ಬಟ್ಟೆಯ ಪೆಟ್ಟಿಗೆಗೆ, ನಾಲ್ಕಾಯಿತು. ಇನ್ನು ಮೂರು ಉಳಿದಿದೆ.

ಇಷ್ಟು ಹೊತ್ತು ನಗಿಸಿದ್ದು ಒಂದು ಮಾತನ್ನು ಮುಂದೂಡುವುದಕ್ಕೆ. ಅದನ್ನೂ ಬರೆಯುತ್ತೇನೆ.

ಹೋದ ವರ್ಷ ಬೀದಿ ನಲ್ಲಿಯ ಕಟ್ಟೆಯ ಮೇಲೆ ನೀನು ಕೊಡ ಹೊತ್ತು ಜಾರಿದೆ. ಹೊಟ್ಟೆಯಲ್ಲೇ ಹೋದ ಆ ನಾಲ್ಕು ತಿಂಗಳ ಕೂಸಿನ ಮಾತನ್ನು ಆಮೇಲೆ ನಾವಿಬ್ಬರೂ ಎತ್ತಿಲ್ಲ. ನೀನು ಎತ್ತಲಿಲ್ಲ, ನಾನು ನಗೆಚಾಟಿಕೆ ಆಡಿಕೊಂಡು ಹೋದೆ. ಅತ್ತೆಯವರು ಈ ಸಲ ಶಾಸ್ತ್ರವೆಲ್ಲವನ್ನೂ ಕಟ್ಟಿಹಿಡಿದು ಕೂತಿರುವುದು ಯಾವ ಭಯಕ್ಕೆಂದು ನನಗೆ ಗೊತ್ತು. ಅವರನ್ನು ನಾನು ಹಾಸ್ಯ ಮಾಡುತ್ತಿಲ್ಲ. ಆದರೆ ಆ ಕಟ್ಟೆಯನ್ನು ದಿನಾ ದಾಟಿ ಹೋಗುವವನು ನಾನು. ಕೂಸನ್ನೆತ್ತಿಕೊಂಡು ನೀನು ಮತ್ತೆ ಅದೇ ನಲ್ಲಿಯ ಮುಂದೆ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವುದನ್ನು ನನ್ನಿಂದ ನೋಡಲಾಗದು. ಸರಸ್ವತಿಪುರದ ಮನೆಯ ಅಡಿಗೆಮನೆಯೊಳಗೇ ನಲ್ಲಿ ಇದೆ. ಹಿತ್ತಿಲ ಕಿಟಕಿಯಿಂದ ನೋಡಿದರೆ ಕಾಣುತ್ತದೆ. ತಿರುಗಿಸಿದರೆ ಕೈಗಾತ್ರದ ನೀರು ಬರುತ್ತದೆಂದು ಚೆಲುವಯ್ಯ ಹೇಳಿದ. ನೆಲ ಸಮತಟ್ಟು, ಎಲ್ಲೂ ಮೆಟ್ಟಿಲಿಲ್ಲ, ಪಾಚಿಯಿಲ್ಲ ಎಂದೂ ಅವನೇ ಹೇಳಿದ. ಸಂಪಿಗೆ ಮರವೊಂದಿದೆ, ದಫೇದಾರ ಅದನ್ನು ಆಗಲೇ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾನೆ.

ಹೇಳದೆ ಮಾಡಿದ್ದು ತಪ್ಪು. ಹೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ. ಬೇಡವೆನ್ನುವ ಹಕ್ಕು ನಿನಗಿತ್ತು, ಅದನ್ನು ನಾನು ಕಸಿದುಕೊಂಡೆ. ಈಗ ವಾಪಸು ಕೊಡುತ್ತಿದ್ದೇನೆ. ಹಳೆಯ ಮನೆಯನ್ನು ಇನ್ನಾಸಮ್ಮ ಇನ್ನೂ ಯಾರಿಗೂ ಕೊಟ್ಟಿಲ್ಲ. "ಆಯಮ್ಮನ ಬಾಯಿಂದ ಒಂದ್ ಮಾತು ಬರ್ಲಿ, ಅಲ್ಲಿಗಂಟ ಬಾಡಿಗೆಗೆ ಬಿಡಾಕಿಲ್ಲ ಬುಡಿ" ಎಂದಿದ್ದಾರೆ. ಹೊಸ ಮನೆಗೆ ಬರಲು ನಿನಗೆ ಮನಸ್ಸಿಲ್ಲದಿದ್ದರೆ, ಅಥವಾ ಭಯವೆನ್ನಿಸಿದರೆ, ಮಹದೇವು ಕೈಯಲ್ಲಿ 'ಬೇಡ' ಎಂದು ಎರಡಕ್ಷರ ಕಳುಹಿಸು. ಸೋಮವಾರವೇ ಚೆಲುವಯ್ಯನ ಗಾಡಿ ಕಟ್ಟಿಸಿ ಎಲ್ಲವನ್ನೂ ವಾಪಸು ಸಾಗಿಸುತ್ತೇನೆ, ಒಂದು ಮಾತೂ ಆಡುವುದಿಲ್ಲ. ಶ್ಲೇಷೆಯನ್ನಂತೂ ಖಂಡಿತ ಆಡುವುದಿಲ್ಲ.

ಬರುವೆನೆಂದರೆ, ನಿನ್ನ ಬಾಣಂತನ ಮುಗಿಸಿಕೊಂಡು ನಿಧಾನವಾಗಿ ಬಾ. ಆ ದಿನವೇ ದೊರೆಸಾನಿಯನ್ನೂ ಮರಿಗಳನ್ನೂ ಬುಟ್ಟಿಯಲ್ಲಿಟ್ಟುಕೊಂಡು ಜಟಕಾದಲ್ಲಿ ತಾವೇ ಬರುವುದಾಗಿ ಇನ್ನಾಸಮ್ಮ ಒಪ್ಪಿದ್ದಾರೆ. ಚೀಲವಿಲ್ಲ, ಸುತ್ತಿಸುವುದಿಲ್ಲ. "ಯಜಮಾನ್ತಿ ಒಳಗವಳೆ ಅಂದ್ರೆ ಬೆಕ್ಕು ನಿಂತ್ಕತದೆ ಕಣಪ್ಪ. ನಿಮ್ಮನ್ನ ನೋಡಿ ಯಾವ ಬೆಕ್ಕು ನಿಂತ್ಕತದೆ?" ಎಂದು ಕೇಳಿದರು.

ನಾಯಿ ಮನುಷ್ಯನ ಹಿಂದೆ ಹೋಗುತ್ತದೆ, ಬೆಕ್ಕು ಮನೆಯಲ್ಲಿ ನಿಲ್ಲುತ್ತದೆ ಎಂದು ಊರೆಲ್ಲ ಹೇಳುವ ಮಾತನ್ನು ನಾನು ಈ ವಯಸ್ಸಿನಲ್ಲಿ ಚೀಲ ಹಿಡಿದು ಕಲಿತೆ. ನೀವು ನಾಯಿಯ ಜಾತಿಯವರು ಎಂದು ನೀನು ಒಮ್ಮೆ ಕೋಪದಲ್ಲಿ ಬೈದಿದ್ದೆ, ನೆನಪಿದೆಯೇ? ಆಗ ಬೇಸರವಾಗಿತ್ತು. ಈಗ ಇಲ್ಲ.

ಕಾಲು ಬಾತಿದೆ ಎಂದು ಬರೆದಿದ್ದೀಯೆ. ದಿಂಬಿನ ಮೇಲೆ ಎತ್ತಿಟ್ಟುಕೊಂಡು ಮಲಗು. ಅತ್ತೆಯವರಿಗೆ ನನ್ನ ನಮಸ್ಕಾರಗಳು, ಸ್ವಲ್ಪ ದೂರದಿಂದ.

ನಿನ್ನ ಹಿಂದೆ ಹಿಂದೆ ಬರುವವನು,
ದೇವರಾಜು

ಮತ್ತೆ: ಮಹದೇವು ಭಾನುವಾರ ಬಂದು ಹೇಗೂ ನೋಡುತ್ತಾನೆ, ನೋಡಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹುಡುಗನಲ್ಲ. ಆದ್ದರಿಂದ ಇದನ್ನೂ ಬರೆದುಬಿಡುತ್ತೇನೆ. ನಾನು ಇನ್ನೂ ಆ ಮನೆಯ ಹೊಸ್ತಿಲು ದಾಟಿಲ್ಲ. ಸಾಮಾನನ್ನೆಲ್ಲ ಚೆಲುವಯ್ಯನೇ ಒಳಗಿಟ್ಟ, ನಾನು ಬೀದಿಯಲ್ಲಿ ನಿಂತಿದ್ದೆ. ಊಟ ಹೋಟೆಲಿನಲ್ಲಿ, ಸ್ನಾನ ಹಿತ್ತಿಲ ಬಚ್ಚಲಿನಲ್ಲಿ, ಹಾಸಿಗೆ ಜಗಲಿಯ ಮೇಲೆ. ಶಾಸ್ತ್ರದಲ್ಲಿ ನನಗೆ ನಂಬಿಕೆಯಿಲ್ಲವೆಂದು ನಿನಗೆ ಗೊತ್ತು. ಆದರೂ ಬಾಗಿಲ ಮುಂದೆ ನಿಂತಾಗ ಈ ಸಲ ಕಾಲು ಏಳಲಿಲ್ಲ. ದಫೇದಾರನಿಗೆ ಇದಾವುದರ ತೊಂದರೆಯೂ ಇಲ್ಲ; ಅವನು ಒಳಗೆ ನಡುಮನೆಯಲ್ಲಿ ಮೂರು ಸುತ್ತು ಸುತ್ತಿ ಮಲಗುತ್ತಾನೆ, ನಾನು ಹೊರಗೆ ಬಾಗಿಲು ಕಾಯುತ್ತೇನೆ. ಬೀದಿಯವರು ಇದಕ್ಕೆ ಒಗ್ಗಿಕೊಂಡಿದ್ದಾರೆ. ಹಾಲುಕ್ಕಿಸಲು ತಂದ ಹೊಸ ಪಾತ್ರೆ ಒಳಗೆ ಕವುಚಿಯೇ ಇದೆ. ನೀನು ಬಂದ ದಿನ ಬಲಗಾಲಿಟ್ಟು ಒಳಗೆ ಹೋದ ಮೇಲೆ ಬಾಗಿಲು ಹಾಕಿಕೊಳ್ಳಬೇಡ. ಹಿಂದೆ ಇನ್ನೊಬ್ಬ ಕಾಯುತ್ತಿರುತ್ತಾನೆ.