ಗುಡುಗಮ್ಮನವರ ಮೊದಲ ವಾರ

ಮನೆಯಿಂದ
ಭಾನುವಾರ, ಜುಲೈ ೧೨

ನನ್ನ ಬಂಗಾರದಂಥ ಮಗಳೇ,

ಹೇಗಿದ್ದೀಯಾ? ಕೆಮ್ಮು ಪೂರ್ತಿ ಹೋಯಿತೋ, ಇಲ್ಲಾ ಫೋನಿನಲ್ಲಿ ನನಗೆ ಗೊತ್ತಾಗದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮುತ್ತೀಯೋ? ಸೈಕಲ್ ರಿಪೇರಿಯ ಗ್ರೀಸನ್ನು ಉಗುರಿನ ಸಂದಿಯಲ್ಲಿಟ್ಟುಕೊಂಡೇ ಊಟಕ್ಕೆ ಕೂರಬೇಡ ಮಾರಾಯ್ತಿ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ, ಅದನ್ನು ನಾನು ಲೆಕ್ಕಕ್ಕೇ ಇಟ್ಟಿಲ್ಲ. ನಿನ್ನ ಅಪ್ಪನ ವಿಷಯ ಮುಂದೆ ಬರುತ್ತದೆ, ಗಾಬರಿಯಾಗಬೇಡ.

ನಮ್ಮ ಲೈಬ್ರರಿಗೆ ಕೊನೆಗೂ ಹೊಸ ನಿರ್ದೇಶಕಿ ಬಂದರು. ಹಳೆಯವರು ನಿವೃತ್ತರಾದ ಮೇಲೆ ಕಾರ್ಯದರ್ಶಿ ಎಂಬ ತಪ್ಪಿಗೆ ನಾನೇ ಬೀಗದ ಕೈಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದೆನಲ್ಲ, ಆ ಭಾರ ಇಳಿಯಿತು. ಸೋಮವಾರ ಸಂಜೆ ಸ್ವಾಗತ ಸಭೆ ಇಟ್ಟುಕೊಂಡಿದ್ದೆವು. ಓದುವ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದೆವು. ನಿನ್ನ ಅಪ್ಪ ಹಿಂದಿನ ಬೈಂಡಿಂಗ್ ಕೋಣೆಯಿಂದ ಅಂಟಿನ ಕೈ ಒರೆಸಿಕೊಳ್ಳುತ್ತಾ ಬಂದು, ಎಂದಿನಂತೆ ಕೊನೆಯ ಸಾಲಿನಲ್ಲಿ ತೂಕಡಿಸಲು ಕುಳಿತರು. ನಮ್ಮ ಅಧ್ಯಕ್ಷರು, ಅದೇ ಔಷಧಿ ಅಂಗಡಿಯವರು, ತಮ್ಮ ಪಿಸುದನಿಯಲ್ಲಿ ನಿಶ್ಶಬ್ದವೇ ಈ ಗ್ರಂಥಾಲಯದ ಆಸ್ತಿ ಎಂದು ಭಾಷಣ ಮುಗಿಸಿದರು. ಆಮೇಲೆ ಆ ಹೆಂಗಸು ಎದ್ದು ‘ಎಲ್ಲರಿಗೂ ನಮಸ್ಕಾರ’ ಎಂದರು ನೋಡು, ಮಡಿಲಲ್ಲಿ ಮಲಗಿದ್ದ ಕೂಸೊಂದು ಬೆಚ್ಚಿಬಿದ್ದು ಅಳತೊಡಗಿತು! ಇಷ್ಟು ವರ್ಷವೂ ಬಟ್ಟೆ ಗಿರಣಿಯ ಕೆಲಸಗಾರರ ಲೈಬ್ರರಿ ನಡೆಸಿದವರಂತೆ. ಗೋಡೆಯಾಚೆ ಮಗ್ಗಗಳ ಗದ್ದಲ, ಅದನ್ನು ಮೀರಿ ಕೂಗಿ ಕೂಗಿ ಗಂಟಲು ಹಾಗೇ ನಿಂತುಬಿಟ್ಟಿದೆ. ‘ಮೆತ್ತಗೆ ಮಾತಾಡೋಕೆ ಪ್ರಯತ್ನ ಪಡ್ತೀನಿ. ಆದ್ರೆ ಮಾತು ಮಾತ್ರ ಕೊಡಲ್ಲ’ ಎಂದರು. ಎಲ್ಲರಿಗಿಂತ ಮೊದಲು ನಕ್ಕವರು ಯಾರು ಗೊತ್ತೇ? ನಿನ್ನ ಅಪ್ಪ! ಸಭೆ ಮುಗಿಯುವಷ್ಟರಲ್ಲಿ ಅವರಿಗೆ ಗುಡುಗಮ್ಮ ಎಂದು ನಾಮಕರಣವೂ ಆಗಿತ್ತು. ಮನೆಗೆ ಬರುವ ದಾರಿಯಲ್ಲಿ ಇವರು, ‘ಎಷ್ಟು ಸ್ಪಷ್ಟವಾಗಿ ಮಾತಾಡ್ತಾರೆ ನೋಡು, ನೀವೆಲ್ಲ ಬಾಯೊಳಗೇ ಗೊಣಗ್ತೀರಿ’ ಎಂದರು. ನನಗೆ ಮೈಯೆಲ್ಲ ಉರಿಯಿತು.

ಗುರುವಾರ ಸಮಿತಿಯ ಸಭೆ. ಅಧ್ಯಕ್ಷರು ಚೀಲದಿಂದ ಪ್ರಾಣಿಗಳ ವಿಶ್ವಕೋಶದ ಒಂದು ಸಂಪುಟ ತೆಗೆದು ಮೇಜಿನ ಮೇಲೆ ಇಟ್ಟರು. ಕೋತಿಗಳ ಸಂಪುಟ. ಅದಕ್ಕೆ ನಿನ್ನ ಅಪ್ಪ ಹಾಕಿದ ಹೊಸ ಬೈಂಡಿನ ಮೇಲೆ, ಕೋತಿಯ ಚಿತ್ರದ ಕೆಳಗೆ, ಬಂಗಾರದ ಅಕ್ಷರದಲ್ಲಿ ಅಧ್ಯಕ್ಷರದೇ ಹೆಸರು! ಪಾಪ, ಅವರು ಅದನ್ನು ಎಲ್ಲರ ಕಡೆಗೂ ತಿರುಗಿಸಿ ತೋರಿಸಿದರು. ‘ನಾನು ಬೈಂಡಿಗೆ ಹಸಿರು ಹಾಕಿ ಅಂದಿದ್ದೆ. ಇವರು ಬೇಕಂತಲೇ ನನ್ನನ್ನ ನಗೆಪಾಟಲು ಮಾಡಿದ್ದಾರೆ. ಏನು ಹೇಳಿದ್ರೂ ಕೇಳಲ್ಲ, ಕರೆದ್ರೆ ತಿರುಗಿಯೂ ನೋಡಲ್ಲ’ ಎಂದರು. ಬೈಂಡಿಂಗ್ ಹೊರಗೆ ಕೊಟ್ಟು ಆ ಕೋಣೆ ಮುಚ್ಚೋಣ ಎಂಬುದಕ್ಕೆ ಉಳಿದವರೂ ತಲೆಯಾಡಿಸಿದರು. ನಾನೇನು ಹೇಳಲಿ? ಇವರು ಮೊಂಡರಾಗಿದ್ದಾರೆ ಎಂದು ನನಗೂ ಅನ್ನಿಸುತ್ತಿತ್ತು. ಆ ಕೋಣೆ ಹೋದರೆ ಇವರು ಮಂಕಾಗಿಬಿಡುತ್ತಾರೆ ಎಂಬುದೂ ಗೊತ್ತಿತ್ತು.

ಗುಡುಗಮ್ಮ ಎದ್ದು ಹಿಂದಿನ ಕೋಣೆಗೆ ನಡೆದರು. ನಾನೂ ಹಿಂದೆಯೇ ಹೋದೆ. ಇವರು ಪುಸ್ತಕ ಹೊಲಿಯುತ್ತಿದ್ದರು. ಆಕೆ ಒಂದು ಸ್ಟೂಲು ಎಳೆದುಕೊಂಡು ಎದುರಿಗೆ ಕುಳಿತು, ‘ಯಜಮಾನ್ರೇ, ಕಿವಿ ಯಾವಾಗಿಂದ ಕೇಳ್ತಿಲ್ಲ?’ ಎಂದು ನೇರವಾಗಿ ಕೇಳಿದರು. ‘ಯಾಕೆ ಕೇಳಲ್ಲ? ನೀವು ಹೇಳೋದೆಲ್ಲ ಕೇಳ್ತಿದೆ’ ಎಂದು ಇವರು. ‘ನಾನು ಹೇಳೋದು ಪಕ್ಕದ ಬೀದಿಗೂ ಕೇಳತ್ತೆ. ಇವರು ಹೇಳೋದು ಕೇಳತ್ತಾ?’ ಎಂದು ನನ್ನ ಕಡೆ ಕೈ ತೋರಿಸಿದರು. ಇವರು ನನ್ನ ಮುಖವನ್ನೇ ನೋಡಿದರು. ಸೂಜಿ ಕೆಳಗಿಟ್ಟರು. ‘ತುಟಿ ಆಡೋದು ಕಾಣತ್ತೆ, ಅದರ ಮೇಲೆ ಊಹೆ ಮಾಡ್ಕೊಳ್ತೀನಿ. ಕಿವುಡ ಅಂತ ಗೊತ್ತಾದ್ರೆ ಈ ಕೋಣೆ ಬಿಡಿಸ್ತಾರೇನೋ ಅಂತ...’ ಎಂದು ಅಲ್ಲಿಗೇ ನಿಲ್ಲಿಸಿದರು. ಗಿರಣಿಯಲ್ಲಿ ಇಂಥವರನ್ನು ಎಷ್ಟೋ ಜನ ಕಂಡಿದ್ದಾರಂತೆ ಆಕೆ. ಸೋಮವಾರವೇ, ಇವರ ಕಣ್ಣು ತಮ್ಮ ಬಾಯಿಯ ಮೇಲೇ ನೆಟ್ಟಿದ್ದನ್ನು ನೋಡಿ ಅನುಮಾನ ಪಟ್ಟಿದ್ದರಂತೆ. ಒಂದೇ ಮನೆಯಲ್ಲಿದ್ದ ನನಗೆ ಹೊಳೆಯಲಿಲ್ಲ ನೋಡು.

ಗುಟ್ಟಾಗಿ ಕೇಳೋಣವೆಂದೇ ಆಕೆ ಒಳಗೆ ಬಂದದ್ದು. ಆದರೆ ಆ ಗಂಟಲಿನಲ್ಲಿ ಗುಟ್ಟು ಎಲ್ಲಿ ನಿಲ್ಲುತ್ತದೆ! ಸಮಿತಿಯವರಿಗೆಲ್ಲ ಒಂದಕ್ಷರ ಬಿಡದೆ ಕೇಳಿಸಿತ್ತು. ಅಧ್ಯಕ್ಷರು ಬಾಗಿಲಿಗೆ ಬಂದು, ಹುಟ್ಟಿದಾಗಿನಿಂದ ಕೂಗದವರು ಕೂಗಿದರು: ‘ನಾನಂದಿದ್ದು ಹಸಿರು ರೀ! ಹೆಸರಲ್ಲ, ಹಸಿರು!’ ಇವರು ಹಣೆ ಚಚ್ಚಿಕೊಂಡು, ‘ಅಯ್ಯೋ, ಹಾಗಾ? ನಾನೂ ಅಂದ್ಕೊಂಡೆ, ಇವರಿಗೆ ಯಾಕಪ್ಪಾ ಈ ಆಸೆ ಅಂತ!’ ಎಂದರು. ನಕ್ಕು ನಕ್ಕು ನಮಗೆಲ್ಲ ಕಣ್ಣಲ್ಲಿ ನೀರು. ನನ್ನದು ಬರೀ ನಗೆಯ ನೀರಲ್ಲ, ಅದು ನಿನಗೆ ತಿಳಿಯುತ್ತದೆ. ಕೋಣೆ ಮುಚ್ಚುವ ಮಾತು ಅಲ್ಲಿಗೇ ಬಿದ್ದುಹೋಯಿತು. ಇವರ ಹತ್ತಿರ ಮಾತಾಡುವವರು ಎದುರಿಗೆ ನಿಂತು ಮಾತಾಡಬೇಕು ಎಂದು ನಿರ್ದೇಶಕಿಯ ಅಪ್ಪಣೆಯಾಗಿದೆ. ಹೆಸರು ಅಳಿಸಿ ಹಸಿರು ಹಾಕಿಕೊಡುತ್ತೇನೆಂದು ಇವರು ಹೇಳಿದರೆ ಅಧ್ಯಕ್ಷರು ‘ಇರಲಿ ಬಿಡಿ, ಮೊಮ್ಮಗನಿಗೆ ತೋರಿಸ್ಬೇಕು’ ಎಂದು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ಮಾರನೆಯ ದಿನ ಗುಡುಗಮ್ಮನೇ ಜೊತೆಗೆ ಬಂದು ಕಿವಿ ಡಾಕ್ಟರಿಗೆ ತೋರಿಸಿದರು. ಬುಧವಾರ ಮಷೀನು ಕೈಗೆ ಬರುತ್ತದೆ. ಇವರು ಈಗಲೇ ಕನ್ನಡಿಯ ಮುಂದೆ ನಿಂತು ಕೂದಲು ಯಾವ ಕಡೆ ಬಾಚಿದರೆ ಅದು ಮುಚ್ಚುತ್ತದೆ ಎಂದು ನೋಡುತ್ತಿದ್ದಾರೆ.

ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ನೀನು ಕೈ ಹಾಕಿದ್ದೆಲ್ಲ ಕೈಗೂಡಲಿ. ನಮ್ಮಿಬ್ಬರ ಆಶೀರ್ವಾದ ನಿನ್ನ ಬೆನ್ನಿಗಿದೆ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ನೀನು ಸ್ಕೂಲಿನ ಕೆಲಸ ಬಿಟ್ಟು ಸೈಕಲ್ ರಿಪೇರಿ ಅಂಗಡಿ ಹಾಕಿದೆನೆಂದು ಫೋನಿನಲ್ಲಿ ಹೇಳಿದಾಗ, ಅಪ್ಪ ಬರೀ ‘ಹೂಂ’ ಎಂದು ಫೋನು ನನ್ನ ಕೈಗೆ ಕೊಟ್ಟರಲ್ಲ? ಸಿಟ್ಟಾಗಿದ್ದಾರೆಂದು ನೀನೂ ತಿಳಿದೆ, ನಾನೂ ತಿಳಿದೆ. ಕೆಣಕುವುದು ಬೇಡವೆಂದು ಮನೆಯಲ್ಲಿ ಆ ಮಾತೇ ಎತ್ತಲಿಲ್ಲ. ಈಗಷ್ಟೇ ಹತ್ತಿರ ಕೂತು, ಮಗಳ ಮೇಲೆ ಇನ್ನೂ ಸಿಟ್ಟೇ ಎಂದು ಗಟ್ಟಿಯಾಗಿ ಕೇಳಿದೆ. ‘ಸಿಟ್ಟು ಯಾಕೆ? ಅವಳೇ ನನ್ನ ಹತ್ರ ಮಾತು ಬಿಟ್ಟಿದ್ದಾಳೆ. ಸ್ಕೂಲಲ್ಲಿ ಕೆಲಸ ಜಾಸ್ತಿಯೇನೋ’ ಎಂದರು. ಅವರಿಗೆ ಏನೂ ಗೊತ್ತೇ ಇಲ್ಲ ಕಣೇ! ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಮಷೀನು ಬಂದ ಮಾರನೆಯ ದಿನ, ಗುರುವಾರ ಸಂಜೆ ಫೋನು ಮಾಡು, ಅವರೇ ಎತ್ತುತ್ತಾರೆ, ನೀನೇ ಹೇಳು. ಈ ಸಲ ನಿಜವಾಗಿಯೂ ಸಿಟ್ಟು ಬಂದರೂ ಬರಬಹುದು. ಬರಲಿ. ಬೈದರೆ ಬೈಸಿಕೋ, ಎದುರುತ್ತರವನ್ನೂ ಕೊಡು. ಫೋನು ಮಾತ್ರ ಇಡಬೇಡ.