ಬ್ಯಾಸ್ಕಮ್ ಆಸ್ಪತ್ರೆಯ ಹಿಂಬಾಗಿಲು

ಬ್ಯಾಸ್ಕಮ್ ಕೌಂಟಿ, ಜಾರ್ಜಿಯಾ
೧೪ ಸೆಪ್ಟೆಂಬರ್ ೧೯೮೮

ನನ್ನ ಮುದ್ದು ತಂಗಿ ಅರ್ಜೆಲಾ,

ಹೊಟ್ಟೆಯ ಹೊಲಿಗೆ ಬಿಚ್ಚಿದರಂತೆ, ನಿನ್ನ ಗಂಡ ಹೇಳಿದ. ಡೆಟ್ರಾಯಿಟಿನಲ್ಲಿ ಆಗಲೇ ಚಳಿ ಶುರುವಾಗಿರಬೇಕು, ಮೈಮೇಲೆ ನಿಗಾ ಇರಲಿ. ಕಾಗದ ತಡವಾಯಿತೆಂದು ಬಯ್ಯಬೇಡ. ಬೈದರೂ ಸರಿಯೇ, ತಪ್ಪು ನನ್ನದೇ. ಅಮ್ಮನ ಮಣ್ಣಿಗೆ ಬರಲು ನಿನ್ನಿಂದ ಆಗಲಿಲ್ಲ. ಕೊನೆಗೆ ಅವಳು ಏನೆಂದಳು ಎಂದು ನೀನು ಫೋನಿನಲ್ಲಿ ಕೇಳಿದಾಗಲೆಲ್ಲ, ಒಲೆಯ ಮೇಲೆ ಏನೋ ಸೀಯುತ್ತಿದೆ ಎಂದು ಫೋನಿಟ್ಟುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆ ಶನಿವಾರ ನಾವಿಬ್ಬರೂ ಜಗಲಿಯಲ್ಲಿ ಕೂತು ಅಲಸಂದೆ ಬಿಡಿಸುತ್ತಿದ್ದೆವು. ಅಮ್ಮ ಹೊಸ ಪಾದ್ರಿಯ ಮುಗಿಯದ ಪ್ರಸಂಗವನ್ನು ಆಡಿಕೊಳ್ಳುತ್ತಿದ್ದಳು. “ದೇವರಿಗೂ ಊಟದ ಹೊತ್ತಾಗುತ್ತೆ ಅಂತ ಅವನಿಗೆ ಯಾರಾದ್ರೂ ಹೇಳ್ಬೇಕು ಕಣೆ” ಎಂದು ನಕ್ಕವಳು ಹಾಗೇ ಎದೆ ಹಿಡಿದುಕೊಂಡಳು. ಬೋಗುಣಿ ಉರುಳಿತು. ಫೋನು ಮಾಡಿದರೆ, “ಆಂಬುಲೆನ್ಸ್ ಇರೋದು ಒಂದೇ ಅಮ್ಮಾ, ಅದೂ ಪಕ್ಕದ ಪ್ರುಯಿಟ್ ಕೌಂಟಿಗೆ ಹೋಗಿದೆ” ಎಂದಳು ಫೋನೆತ್ತಿದ ಹುಡುಗಿ. ಅಮ್ಮನನ್ನು ಕಾರಿಗೆ ಎತ್ತಿ ಹಾಕಿಕೊಂಡು ಹೊರಟೆ.

ಎಲ್ಲಿಗೆ ಹೋದೆ ಗೊತ್ತೇ? ನಮ್ಮದೇ ಆಸ್ಪತ್ರೆಗೆ! ಜುಲೈನಲ್ಲಿ ಅದನ್ನು ಮುಚ್ಚಬೇಡಿ ಎಂದು ಕೌಂಟಿ ಸಭೆಯಲ್ಲಿ ನಿಂತು ಗಂಟಲು ಹರಿದುಕೊಂಡವಳೇ ನಾನು. ಬೀಗ ಬಿದ್ದ ದಿನ ಅತ್ತವಳೂ ನಾನೇ. ಆದರೂ ಗಾಬರಿಯಲ್ಲಿ ಕೈ ಸ್ಟೀರಿಂಗನ್ನು ಅತ್ತಲೇ ತಿರುಗಿಸಿತು. ಅದೂ ಮುಂದಕ್ಕಲ್ಲ, ಹಿಂಬಾಗಿಲಿಗೆ! ಕರಿಯರು ಹಿಂದಿನಿಂದಲೇ ಬರಬೇಕೆಂಬ ಕಾಲ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು, ಅರ್ಜೆಲಾ. ನೀನು ಅಮ್ಮನನ್ನು ಮೊದಲ ಸಲ ಮುಂಬಾಗಿಲಿಂದ ಎಳೆದುಕೊಂಡು ಹೋದಾಗ, “ಮೊದಲೇ ಹೇಳಿದ್ರೆ ಚರ್ಚಿನ ಟೋಪಿ ಹಾಕ್ಕೊಂಡು ಬರ್ತಿದ್ದೆ” ಎಂದಿದ್ದಳಲ್ಲ. ಆಮೇಲೂ ಅವಳು ಹಿಂದಿನಿಂದಲೇ ಹೋಗುತ್ತಿದ್ದಳು, ಜೊತೆಯಲ್ಲಿ ನಾನೂ. ಆ ಬಾಗಿಲನ್ನು ಅಂಗೈ ಉರಿಯುವವರೆಗೆ ಬಡಿದೆ. ಒಳಗಿನಿಂದ ಯಾರಾದರೂ ಬರುತ್ತಾರೆಂದು ನಿಜವಾಗಿಯೂ ಕಾದೆ. ನನಗೆ ಏನಾಗಿತ್ತೋ, ಇವತ್ತಿಗೂ ತಿಳಿಯದು.

ಸದ್ದು ಕೇಳಿ ಬಂದವರು ಅಲ್ಲಿನ ಕಾವಲುಗಾರ ಥಾರ್ಪ್. ಗೊತ್ತಲ್ಲ, ಆ ಕೆಂಪು ಮುಖದ ಬಿಳಿಯ ಮುದುಕ.

“ಮೋಜೆಲ್! ಮುಂದುಗಡೆ ಅಷ್ಟು ದೊಡ್ಡ ಬೋರ್ಡು ಹಾಕಿದೀವಿ, ನೋಡ್ಲಿಲ್ವಾ? ನೀವುಗಳು ಇನ್ನೂ ಹಿಂದಿನಿಂದ ಯಾಕೆ ಬರ್ತೀರಿ?”

“ಯಾರು ಕಲಿಸಿದ್ದು ಸಾಹೇಬ್ರೇ?” ಎಂದುಬಿಟ್ಟೆ.

ಅವರು ಬಗ್ಗಿ ಕಾರಿನೊಳಗಿದ್ದ ಅಮ್ಮನನ್ನು ನೋಡಿದರು. ನನ್ನ ಕೈಯಿಂದ ಕೀಲಿ ಕಿತ್ತುಕೊಂಡು ತಾವೇ ಕಾರು ಓಡಿಸಿದರು. ನಾನು ಹಿಂದಿನ ಸೀಟಿನಲ್ಲಿ ಅಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ‘ಪ್ರುಯಿಟ್ ಕೌಂಟಿಗೆ ಸ್ವಾಗತ’ ಎಂಬ ಫಲಕ ದಾಟಿದಾಗ ಅವಳ ಕೈ ಸಡಿಲವಾಯಿತು. ಅಲ್ಲಿನ ಡಾಕ್ಟರ್ ಒಳ್ಳೆಯವರು, “ಸ್ವಲ್ಪ ಮುಂಚೆ ಬಂದಿದ್ರೆ” ಎಂದಷ್ಟೇ ಹೇಳಿದರು.

ಥಾರ್ಪ್ ಮಣ್ಣಿಗೆ ಬಂದಿದ್ದರು, ಹೆಂಡತಿ ಮಾಡಿದ ಪೀಚ್ ಹಣ್ಣಿನ ಕಡುಬು ತಂದಿದ್ದರು. ಅಮ್ಮ ಯೇಸುವಿನ ಹೆಸರು ಹೇಳುತ್ತ ಹೋದಳು ಎಂದು ಪಾದ್ರಿ ಸಾರಿದ. ನಾನು ಹೌದೆಂದು ತಲೆಯಾಡಿಸಿದೆ. ನಿನಗೂ ಅದನ್ನೇ ಬರೆದು ಮುಗಿಸೋಣ ಎಂದುಕೊಂಡೇ ಪೆನ್ನು ಹಿಡಿದಿದ್ದು.

ಅಮ್ಮನ ನೀಲಿ ಕೌದಿ ನಿನಗೆಂದು ತೆಗೆದಿಟ್ಟಿದ್ದೇನೆ. ದೇವರು ನಿನ್ನನ್ನೂ ನಿನ್ನ ಗಂಡ, ಮಕ್ಕಳನ್ನೂ ಚೆನ್ನಾಗಿ ಇಟ್ಟಿರಲಿ. ಬೇಗ ಓಡಾಡುವಂತಾಗು.

ನಿನ್ನ ಅಕ್ಕ,
ಮೋಜೆಲ್

ತಾ.ಕ.: ಸುಳ್ಳು ಬರೆದು ಲಕೋಟೆ ಅಂಟಿಸಲು ಆಗುತ್ತಿಲ್ಲ. ಕಾರು ನಮ್ಮ ಆಸ್ಪತ್ರೆಯಿಂದ ಹೊರಟಾಗ ಅಮ್ಮ ಕಣ್ಣು ಬಿಟ್ಟು ಆ ಹಿಂಬಾಗಿಲನ್ನೇ ನೋಡಿದಳು. “ಮತ್ತೆ ಶುರು ಮಾಡಿದ್ರಾ ಮೋಜೆಲ್? ನಮ್ಮನ್ನ ಒಳಗೆ ಬಿಡಲ್ವಂತಾ?” ಎಂದಳು. “ಇಲ್ಲಮ್ಮ, ಆಸ್ಪತ್ರೆನೇ ಮುಚ್ಚಿದೆ, ಎಲ್ಲರಿಗೂ ಮುಚ್ಚಿದೆ” ಎಂದೆ. ನನ್ನ ಕೆನ್ನೆ ಸವರಿ, ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದಳು: “ಅವರು ಯಾವಾಗ್ಲೂ ಹಾಗೇ ಹೇಳೋದು ಕಣೆ.”