ಕ್ವಾಕು ಅವರ ಅಪ್ಪನ ಮಣ್ಣು

ಅವ್ವಾ,

ರಜೆ ಸಿಗಲಿಲ್ಲ, ಆಸ್ಪತ್ರೆಗೆ ಹೊರಟೆ. ಇವತ್ತು ಹನ್ನೊಂದಕ್ಕೆ ಘಾನಾದಲ್ಲಿ ನಿನ್ನ ಅಳಿಯನ ಅಪ್ಪನನ್ನು ಮಣ್ಣು ಮಾಡುತ್ತಾರೆ. ವೀಸಾ ಅರ್ಜಿ ಇತ್ಯರ್ಥವಾಗುವ ಮೊದಲು ಅಲ್ಲಿಗೆ ಹೋದರೆ ಕ್ವಾಕು ಶೆಫೀಲ್ಡಿಗೆ ಮರಳುವುದು ಕಷ್ಟ. ಹಿರಿಮಗನಾದರೂ ಫೋನಿನಲ್ಲೇ ನೋಡುತ್ತಾರೆ.

ಅಫಿಯಾ ಎದ್ದಕೂಡಲೇ ಗಂಜಿ ಕುಡಿಸು. ನಿನ್ನ ಮೊಮ್ಮಗಳ ಸುರುಳಿ ಕೂದಲನ್ನು ಒಣಗಿದ್ದಾಗ ಬಾಚಬೇಡ, ನೋಯುತ್ತದೆ. ಸಂಜೆ ನಾನೇ ಹೆಣೆಯುತ್ತೇನೆ.

ನಮ್ಮ ಮದುವೆಯ ದಿನ ನೀನು ಫೋನಿನಲ್ಲಿ "ಆ ಕರಿಯನ ಮಾರಿ ನಾ ನೋಡಂಗಿಲ್ಲ" ಅಂದಿದ್ದೆ. ಇಲ್ಲಿಗೆ ಬಂದು ಮೂರು ವಾರವಾದರೂ ಅವರ ಹತ್ತಿರ ಒಂದು ಮಾತೂ ಆಡಿಲ್ಲ. ಅವರಿಗೆ ಎಲ್ಲ ತಿಳಿಯುತ್ತದೆ. ನಿನ್ನೆ ನನ್ನನ್ನು ಕೇಳಿದರು: "ನಾಳೆ ಅಳು ಬಂದರೆ ಹೊರಗೆ ಕಾರಿನಲ್ಲಿ ಕೂತುಕೊಳ್ಳಲಾ? ಅವ್ವನಿಗೆ ತ್ರಾಸು ಬೇಡ."

ತಮ್ಮ ಮನೆಯಲ್ಲಿ ಅಳುವುದಕ್ಕೆ ನನ್ನ ಅಪ್ಪಣೆ ಕೇಳಿದರು, ಅವ್ವಾ.

ಹನ್ನೊಂದಕ್ಕೆ ಮಗುವನ್ನು ಎತ್ತಿಕೊಂಡು ಹೋಗಿ ಅವರ ಪಕ್ಕ ಕೂರು. ಏನೂ ಹೇಳಬೇಕಾಗಿಲ್ಲ. ಅಷ್ಟೂ ಆಗದಿದ್ದರೆ ಬಟ್ಟೆ ಕಟ್ಟಿಡು, ನಾಳೆಯೇ ವಿಮಾನ ಹತ್ತಿಸುತ್ತೇನೆ.

ನಮ್ಮ ಅಪ್ಪ ಹೋದಾಗ ಇಡೀ ಓಣಿ ನಿನ್ನ ಸುತ್ತ ಕೂತಿತ್ತು. ಇಲ್ಲಿ ಅವರಿಗೆ ಇವತ್ತು ನೀನೊಬ್ಬಳೇ.

ದಾನೇಶ್ವರಿ